ಕೋಲಾಟದ ಮಟ್ಟು, ಕಳಿಸುವ ಮರ್ಯಾದೆ

ಹೊಸ ಹಾಡೊಂದನ್ನು ಫೋನಿನಲ್ಲಿ ನಾಲ್ಕು ಜನಕ್ಕೆ ಕಳಿಸುವುದು ಒಂದು ಕ್ಷಣದ ಕೆಲಸ. ಆಮೇಲೆ ಆ ನಾಲ್ಕು ಜನಕ್ಕೆ ಸಮಾಧಾನ ಹೇಳುವುದು ನಾಲ್ಕು ದಿನದ ಕೆಲಸ. ದೆಹಲಿಯ ವಸಂತ್ ಕುಂಜ್‌ನ ನಮ್ಮ ಕೋಲಾಟದ ಗುಂಪಿನಲ್ಲಿ ವರ್ಷಕ್ಕೆರಡು ಸಲವಾದರೂ ಇದು ಇದ್ದದ್ದೇ. ನಾವು ಹನ್ನೆರಡು ಜನ ಹೆಂಗಸರು, ಹೆಚ್ಚಿನವರು ಸರ್ಕಾರಿ ನೌಕರರ ಮನೆಯವರು. ಹಾಡು ಕಟ್ಟುತ್ತಿದ್ದವರು ನಮ್ಮ ಮೇಲಿನ ಮಹಡಿಯ ಅಕ್ಕ. ಜನಪದದ ಧಾಟಿಯಲ್ಲಿ ತಾವೇ ಹೊಸ ಮಟ್ಟು ಹಾಕಿ, ಹಾಡಿ, ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದರು. ಗುಂಪಿನ ಅಡ್ಮಿನ್ ನಾನು. ಯೋಗ್ಯತೆಯಿಂದಲ್ಲ, ಒಳ್ಳೆಯ ಫೋನು ಮೊದಲು ಬಂದದ್ದು ನಮ್ಮ ಮನೆಗೆ.

ಬೇಳೆ

ಅಕ್ಕನಿಗೆ ಹಾಡು ಹೊಳೆಯುತ್ತಿದ್ದುದು ಅಡುಗೆಮನೆಯಲ್ಲೇ. ಒಂದು ಸಲ ಅಲ್ಲೇ ನಿಂತು ರೆಕಾರ್ಡ್ ಮಾಡಿದ ಹಾಡಿನಲ್ಲಿ, ಪಲ್ಲವಿ ಮುಗಿಯುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತ್ತು. ನಾವು ಎರಡು ವಾರ ಪಾರ್ಕಿನಲ್ಲಿ ಅದನ್ನೇ ಹಾಕಿಕೊಂಡು ಕುಣಿದೆವು. ಕುಕ್ಕರ್ ಕೂಗಿದೊಡನೆ ಬಲಕ್ಕೆ ತಿರುಗಿ ಕೋಲು ಹೊಡೆಯುವುದು ಮೈಗೆ ಹತ್ತಿಬಿಟ್ಟಿತು.

ರಾಜ್ಯೋತ್ಸವದ ದಿನ ಕರೋಲ್ ಬಾಗ್‌ನ ಒಂದು ಸಭಾಂಗಣದಲ್ಲಿ ಅಕ್ಕ ಮೈಕಿನ ಮುಂದೆ ನಿಂತು ತಾವೇ ಹಾಡಿದರು. ಪಲ್ಲವಿ ಮುಗಿಯಿತು. ನಾವು ಹನ್ನೆರಡು ಜನವೂ ಕೋಲೆತ್ತಿಕೊಂಡು ನಿಂತೇ ಇದ್ದೆವು. ಅಕ್ಕ ಹಾಡು ನಿಲ್ಲಿಸಿ, "ಏನಾಯ್ತ್ರೇ?" ಅಂದರು.

ನಾನು, "ಅಕ್ಕಾ, ಕುಕ್ಕರ್ ಕೂಗಲಿಲ್ಲ" ಅಂದೆ. ಅದು ಮೈಕಿನಲ್ಲಿ ಸಭೆಗೆಲ್ಲ ಕೇಳಿಸಿತು.

ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದರು: "ಹಾಗಾದ್ರೆ ಊಟ ಇನ್ನೂ ತಡ."

ಆರ್ಡರ್

ಅಂದಿನಿಂದ ಅಕ್ಕ ನಿಯಮ ಮಾಡಿದರು. "ಅರೆಬೆಂದ ಹಾಡು ನಾನು ಕಳಿಸಲ್ಲ. ನನ್ನನ್ನು ಕೇಳದೆ ನೀವು ಯಾರೂ ಹೊರಗಿನವರಿಗೆ ಕಳಿಸಬಾರದು."

ನಮಗೆ ಡೋಲು ಬಾರಿಸುತ್ತಿದ್ದವರು ಕೊಡಗಿನ ನಿವೃತ್ತ ಸುಬೇದಾರರು. ನಿಯಮ ಓದಿ ಎಲ್ಲರಿಗಿಂತ ಮೊದಲು "ಯೆಸ್ ಮೇಡಂ" ಅಂತ ಬರೆದವರು ಅವರೇ. ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಗಾಡಿ ತಳ್ಳಿಕೊಂಡು ಬಂದ ಸಬ್ಜಿ ಭಯ್ಯಾ, ಅಕ್ಕನ ಹೊಚ್ಚಹೊಸ ಮಟ್ಟನ್ನು ಗುನುಗುತ್ತಾ ಪಾಲಕ್ ತೂಗಿದ. ಎಲ್ಲಿ ಕೇಳಿದೆಯೆಂದರೆ ಸುಬೇದಾರರ ಮನೆಯ ಕಡೆ ಕೈ ತೋರಿಸಿದ.

ಅಕ್ಕ ಅವರನ್ನು ಕರೆಸಿ, "ಯಾರ್‍ಯಾರಿಗೆ ಕಳಿಸಿದ್ರಿ?" ಅಂತ ಕೇಳಿದರು.

ಸುಬೇದಾರರು ನೆಟ್ಟಗೆ ನಿಂತು ಹೇಳಿದರು: "ಒಬ್ಬರಿಗೂ ಕಳಿಸಿಲ್ಲಮ್ಮಾ. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಸ್ಪೀಕರ್ ಇಟ್ಟು ಬ್ಲಾಕಿಗೆಲ್ಲ ಕೇಳಿಸಿದೆ, ಅಷ್ಟೆ. ಕಳಿಸಬಾರದು ಅಂತ ತಾನೇ ಆರ್ಡರ್ ಇದ್ದದ್ದು?"

ಅಜ್ಞಾತ

ಅಕ್ಕನ ಮಗಳು ದೆಹಲಿಯಲ್ಲೇ ಬೆಳೆದವಳು. ತಾಯಿಯ ಮೇಲಿನ ಅಭಿಮಾನಕ್ಕೆ ನಮ್ಮ ಕುಣಿತವನ್ನು ನೆಟ್‌ಗೆ ಏರಿಸಿದಳು. ಕೆಳಗೆ 'ಸಂಗೀತ: ಅಜ್ಞಾತ' ಅಂತಿತ್ತು.

"ನಾನು ಅಜ್ಞಾತಳೇನೇ?" ಅಂದರು ಅಕ್ಕ.

"ಮಮ್ಮಾ, ಫೋಕ್ ಹೈ ನಾ. ಫೋಕ್ ಅಂದ್ರೆ ಯಾರು ಮಾಡಿದ್ದು ಅಂತ ಗೊತ್ತಿರಬಾರದು. ಸ್ಕೂಲ್‌ನಲ್ಲಿ ಪಢಾಯಾ ಥಾ."

"ನಾನು ಮಾಡಿದ್ದು ಅಂತ ನಿನಗೆ ಗೊತ್ತಲ್ಲ?"

"ನೀವು ತೋ ಮಮ್ಮಾ ಅಲ್ವಾ," ಅಂದಳು ಮಗಳು.

ಎರಡನೇ ಸಾಲು

ಈಗ ಆ ಗುಂಪಿಲ್ಲ. ಒಂದೊಂದಾಗಿ ಹೆಚ್ಚಿನವರ ಮನೆಗೆ ವರ್ಗದ ಆದೇಶ ಬಂತು, ಸುಬೇದಾರರು ಡೋಲು ಹೊತ್ತುಕೊಂಡು ಊರಿಗೆ ಹೋದರು. ನಾವು ಸುತ್ತು ಹಾಕುತ್ತಿದ್ದ ಜಾಗದಲ್ಲಿ ವ್ಯಾಯಾಮದ ಯಂತ್ರಗಳು ನಿಂತಿವೆ. ಅಲ್ಲಿ ಹಾದುಹೋಗುವಾಗ ನನ್ನ ಕಾಲು ಈಗಲೂ ಒಂದು ಹೆಜ್ಜೆ ತಪ್ಪುತ್ತದೆ. ವಾಟ್ಸಾಪ್ ಗುಂಪು ಮಾತ್ರ ಉಳಿದಿದೆ, ಅಲ್ಲಿ ಬರುವುದು ಹಬ್ಬದ ಶುಭಾಶಯ ಅಷ್ಟೆ.

ಕಳೆದ ಚಳಿಗಾಲದಲ್ಲಿ ಚಾಣಕ್ಯಪುರಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಅಕ್ಕ, ನಾನು ಇಬ್ಬರೇ ಹೋಗಿದ್ದೆವು. ಕರ್ನಾಟಕದಿಂದ ಬಂದ ಹುಡುಗಿಯರು ಕೋಲು ಹಿಡಿದು ನಿಂತರು. ನಿರೂಪಕರು "ನೂರಾರು ವರ್ಷಗಳ ಹಳೆಯ ಹಾಡು" ಅಂದರು. ಶುರುವಾದದ್ದು ಅಕ್ಕನ ಹಾಡು. ಅಕ್ಕ ನನ್ನ ಕೈ ಹಿಡಿದುಕೊಂಡವರು ಮುಗಿಯುವವರೆಗೆ ಬಿಡಲಿಲ್ಲ. ಕಣ್ಣು ತುಂಬಿತ್ತು.

ನಾನು ಬಿಡಲಿಲ್ಲ, ಅವರನ್ನು ವೇದಿಕೆಯ ಹಿಂದಕ್ಕೆ ಎಳೆದುಕೊಂಡು ಹೋದೆ. ಹುಡುಗಿಯರ ಟೀಚರ್ ಮುಂದೆ ಅಕ್ಕ ಮಾತಾಡಲು ಸಂಕೋಚಪಟ್ಟು, ಹಾಡನ್ನೇ ಹಾಡಿಬಿಟ್ಟರು. ಟೀಚರ್ ತಲೆದೂಗಿ, "ಚೆನ್ನಾಗಿದೆ ಅಮ್ಮಾ. ಎರಡನೇ ಸಾಲು ಮಾತ್ರ ತಪ್ಪು. ಪಾಪ, ಇಷ್ಟು ವರ್ಷ ದೆಹಲಿಯಲ್ಲಿದ್ದೀರಿ, ಮೂಲ ಮರೆತಿರುತ್ತೆ" ಎಂದು ತಿದ್ದಿ ಹಾಡಿ ತೋರಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದರು. "ಅವರ ಸಾಲೇ ಚೆನ್ನಾಗಿದೆ ಕಣೇ" ಅಂತ ಪಿಸುಗುಟ್ಟಿ, ಟೀಚರ್ ಕಡೆ ತಿರುಗಿ ವಿನಯವಾಗಿ ಕೇಳಿದರು: "ಇದನ್ನು ನಮ್ಮ ಹಳೆಯ ಗುಂಪಿಗೆ ಕಳಿಸಬಹುದಾ? ನಿಮ್ಮ ಅಪ್ಪಣೆ ಇದ್ದರೆ."

"ಧಾರಾಳವಾಗಿ ಕಳಿಸಿ," ಅಂದರು ಟೀಚರ್. "ಜನಪದ ಏನು ಯಾರಪ್ಪನ ಆಸ್ತಿಯಾ?"