ಫಾರ್ವರ್ಡ್ ಲೈನಿನ ಕಾಲುಗಳು

ಹೆದರಿಕೆಯಲ್ಲಿ ನನ್ನನ್ನು ಮೀರಿಸುವವರು ಯಾರಾದರೂ ಇದ್ದರೆ ಅವರನ್ನೊಮ್ಮೆ ಕಣ್ತುಂಬ ನೋಡಬೇಕೆಂದು ನನಗೆ ಆಸೆ. ಅವರ ಮನೆಯ ದಾರಿಯಲ್ಲಿ ನಾಯಿ ಇಲ್ಲವೆಂದು ಯಾರಾದರೂ ಖಾತ್ರಿ ಕೊಡಬೇಕು, ಅಷ್ಟೆ. ಇಂಥ ನಾನು ಅರವತ್ತರ ದಶಕದ ಕೊನೆಯಲ್ಲಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಂಡಿದ್ದವನು, ಫುಟ್‌ಬಾಲ್ ಕೋಚ್ ಕೂಡ ಆಗಿದ್ದೆ. ಅದಕ್ಕೂ ನಾಯಿಯೇ ಕಾರಣ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಂದು ನಾಯಿಯೊಂದು ಅಟ್ಟಿಸಿಕೊಂಡು ಬಂದಾಗ ನಾನು ಪಂಚೆ ಎತ್ತಿ ಕಟ್ಟಿ ಓಡಿದ ಓಟವನ್ನು ನಮ್ಮ ಪ್ರಿನ್ಸಿಪಾಲರು ಹೋಟೆಲಿನ ಕಿಟಕಿಯಿಂದ ಕಂಡರು. ನಾಯಿ ಅವರಿಗೆ ಕಾಣಲಿಲ್ಲ. "ನಿಮಗೆ ವ್ಯಾಯಾಮದ ಅಭ್ಯಾಸ ಇದೆಯೆಂದು ಹೇಳಲೇ ಇಲ್ಲವಲ್ಲ!" ಎಂದು ಆ ಮಧ್ಯಾಹ್ನವೇ ಒಂದು ಚೆಂಡನ್ನೂ ಗಾಳಿ ಹೊಡೆಯುವ ಪಂಪನ್ನೂ ನನಗೆ ಒಪ್ಪಿಸಿದರು. ಒಲ್ಲೆ ಎನ್ನೋಣವೆಂದರೆ ಅವರನ್ನು ಕಂಡರೂ ನನಗೆ ಹೆದರಿಕೆ.

ಆಗಿನ ಆಟದಲ್ಲಿ ಮುಂದೆ ನುಗ್ಗಿ ಗೋಲು ಹೊಡೆಯುವವರು ಐದು ಜನ. ಅದಕ್ಕೆ ಫಾರ್ವರ್ಡ್ ಲೈನ್ ಎನ್ನುತ್ತಿದ್ದರು. ನಮ್ಮದು ಲೈನಾಗಿ ಉಳಿದದ್ದು ಒಂದೇ ವಾರ. ಮೊದಲ ಮ್ಯಾಚಿನಲ್ಲಿ ಎಡ ತುದಿಯ ಲೆಫ್ಟ್ ಔಟ್ ಹುಡುಗ ಕಾಲಿನ ಗಿಣ್ಣು ತಿರುಚಿಕೊಂಡ. ಎರಡನೆಯದರಲ್ಲಿ ಬಲಗಡೆಯ ರೈಟ್ ಇನ್ ಹುಡುಗ ಮೊಣಕಾಲು ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಅವನ ಜಾಗಕ್ಕೆ ಹಿಂದಿನಿಂದ ಒಬ್ಬನನ್ನು ತಂದು ನಿಲ್ಲಿಸಿದರೆ, ಮೂರನೆಯ ಮ್ಯಾಚಿನ ಹತ್ತೇ ನಿಮಿಷಕ್ಕೆ ಅವನನ್ನೂ ಹೊತ್ತು ತಂದರು. ಗೋಲು ಮಾತ್ರ ಒಂದೂ ಇಲ್ಲ. ಹಾಗೆಂದು ನಾನು ಸುಮ್ಮನಿದ್ದೆನೆಂದಲ್ಲ. ಗೆರೆಯ ಪಕ್ಕದಲ್ಲಿ ಹುಡುಗರ ಸಮಕ್ಕೆ ಓಡುತ್ತ, ಎದುರಿನವನು ಹತ್ತಿರ ಬಂದ ಕೂಡಲೇ ಹೆಸರು ಹಿಡಿದು "ಲೋ, ಹುಷಾರೋ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ನನಗೆ ಗೊತ್ತಿದ್ದ ಫುಟ್‌ಬಾಲ್ ವಿದ್ಯೆ ಅದೊಂದೇ.

ಉಳಿದ ಒಂದೇ ಭರವಸೆ ಸೆಂಟರ್ ಫಾರ್ವರ್ಡ್ ಮಹದೇವು. ಭರವಸೆಗಿಂತ ಭಯವೆಂದರೇ ಸರಿ. ಅವನ ತಾಯಿ ಕೆಂಪಮ್ಮ ಅಜ್ಜೀಪುರದಿಂದ ಬಸ್ಸಿನಲ್ಲಿ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು ನನಗೆ ಹೇಳಿ ಹೋಗಿದ್ದಳು. "ಸಾ, ಬರೋ ತಿಂಗ್ಳು ಫಾರೆಸ್ಟ್ ಗಾರ್ಡ್ ಕೆಲ್ಸಕ್ಕ ಇವ್ನ ಓಡ್ಸಿ ನೋಡ್ತರಂತ. ಅಪ್ಪ ಇಲ್ದ ಮಗ. ಆಟ ಆಡ್ಸಿ, ಬ್ಯಾಡ ಅನ್ನಕಿಲ್ಲ. ಕಾಲ್ನ ಮಾತ್ರ ಇದ್ದಂಗೇ ನನ್ಗ ವಾಪಸ್ ಕೊಡಿ." ಅಂದಿನಿಂದ ಮಹದೇವು ಪಾಠ ಕೇಳಲು ಬಂದಾಗಲೂ ನಾನು ಅವನ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದೆ. ಊಟದ ತಟ್ಟೆಯ ಮುಂದೆ ಕೂತರೆ ಕೆಂಪಮ್ಮ ಎದುರಿಗೇ ಕೂತಂತಾಗಿ ತುತ್ತು ಇಳಿಯುತ್ತಿರಲಿಲ್ಲ.

ನಾಲ್ಕನೆಯ ಮ್ಯಾಚಿನಲ್ಲಿ ಮಹದೇವು ಬಿದ್ದ. ಗಿಣ್ಣು ಊದಿತು. ಮರುದಿನವೇ ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ಯಳಂದೂರಿನ ಕಡೆ ಒಂದು ಹಳ್ಳಿಯಲ್ಲಿ ಮೂಳೆ ಕಟ್ಟುತ್ತಿದ್ದ ಪುಟ್ಟಮಾದಮ್ಮನ ಹತ್ತಿರ ಹೋದೆ. ಹಿಂದೆ ಬಿದ್ದ ಮೂವರಿಗೂ ಪಟ್ಟು ಹಾಕಿ ಕಟ್ಟಿದ್ದವಳು ಆ ಮುದುಕಿಯೇ. ಅವಳು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ನೋಡಿದಳು.

"ಮುರ್ದಿಲ್ಲ, ಉಳುಕದ ಅಷ್ಟೇಯಾ. ಎಂಗಾಯ್ತು ಮಗ?"

ಮಹದೇವು ನನ್ನ ಕಡೆ ನೋಡಿ, "ಬಿದ್ದೆ ಕಣವ್ವ" ಎಂದ.

"ಆ ಮೂವರೂ ಇಂಗೇ ಅಂದ್ರು. ಮುಂದ್ಕ ಓಡೋವ್ನು ಇಂಗ್ ಬೀಳಕಿಲ್ಲ. ಇದು ಓಡ್ತಾ ಓಡ್ತಾ ಇಂದ್ಕ ತಿರುಗ್ದ ಕಾಲು. ಯಾರ್ಲಾ ನಿನ್ನ ಕೂಗ್ದೋರು?"

ಹುಡುಗ ಸೂರಿನ ಹೆಂಚು ಎಣಿಸತೊಡಗಿದ. ಅವಳು ಗಿಣ್ಣನ್ನು ಇನ್ನಷ್ಟು ಒತ್ತಿದಳು.

"ಅಯ್ಯಯ್ಯೋ! ಸಾ ಕೂಗುದ್ರು!"

"ಕೂಗುದ್ರ ಕೂಗ್ಕಳ್ಲಿ. ನೀ ಯಾಕ್ ನಿಂತೆ?"

"ಮೇಷ್ಟ್ರು ಎಸ್ರಿಡ್ದು ಕೂಗುದ್ರ, ತಿರುಗಿ ನೋಡ್ದೆ ಓಡೋಗಕ್ಕಾದದಾ ಅವ್ವ?"

ಅಲ್ಲಿಗೆ ನನ್ನ ತರ್ಕಶಾಸ್ತ್ರ ಮುಗಿಯಿತು. ಹಿರಿಯರು ಕರೆದರೆ ನಡೆಯುವ ಕಾಲು ನಿಲ್ಲಬೇಕು, ತಿರುಗಿ "ಆ?" ಎನ್ನಬೇಕು. ಹನೂರಿನಿಂದ ಯಳಂದೂರಿನವರೆಗೆ ಎಲ್ಲ ತಾಯಂದಿರೂ ಮಕ್ಕಳಿಗೆ ಕಲಿಸಿದ್ದ ಮರ್ಯಾದೆ ಅದು. ಆ ಮರ್ಯಾದೆಯನ್ನೇ ಹಿಡಿದು ನಾಲ್ವರು ಹುಡುಗರನ್ನು ನಾನು ಕೆಡವಿದ್ದೆ. ನನ್ನ ಪುಕ್ಕಲುತನದಿಂದ ಹಾಳಾಗುವವನು ನಾನೊಬ್ಬನೇ ಎಂದುಕೊಂಡಿದ್ದವನಿಗೆ ಅಂದು ನಿಜವಾಗಿ ನಾಚಿಕೆಯಾಯಿತು. ವಾಪಸಾಗುವಾಗ ಬಸ್ಸಿನಲ್ಲಿ "ಮೊದಲೇ ಹೇಳಬಾರದಿತ್ತೇನೋ?" ಎಂದೆ. "ನಿಮ್ಗ ಎಂಗ್ ಏಳದು ಸಾ?" ಎಂದು ಅವನು ಕಿಟಕಿಯ ಕಡೆ ತಿರುಗಿಕೊಂಡ.

ಕಡೆಯ ಮ್ಯಾಚು ನಮ್ಮ ಮೈದಾನದಲ್ಲೇ ಇತ್ತು. ಗಾರ್ಡ್ ಕೆಲಸದ ಓಟಕ್ಕೆ ಇನ್ನೊಂದೇ ವಾರ. ಮಹದೇವುವಿನ ಊತವೇನೋ ಇಳಿದಿತ್ತು. ಆದರೂ "ನೀನು ಕೂತುಬಿಡೋ" ಎಂದು ಬೇಡಿಕೊಂಡೆ. "ಇರೋದೇ ಅನ್ನೊಂದು ಜನ ಸಾ. ನೀವು ಒಸಿ ಸುಮ್ನಿದ್ರ ಸಾಕು" ಎಂದ. ನಾನು ಟವೆಲ್ಲನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಗೆರೆಯ ಪಕ್ಕ ನಿಂತೆ. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಮಹದೇವು ಗೋಲಿನ ಕಡೆ ನುಗ್ಗಿದ. ಎದುರಿನಿಂದ ಕಣಜದಂಥ ಮೈಯ ಆಸಾಮಿಯೊಬ್ಬ ಅವನ ಮೇಲೆಯೇ ಬಂದ. ಕೂಗು ಗಂಟಲಿನವರೆಗೆ ಬಂತು. ಟವೆಲ್ಲನ್ನು ಕಚ್ಚಿ ಹಿಡಿದು, ಕೆಂಪಮ್ಮನನ್ನು ನೆನೆದು, ಎರಡೂ ಕಣ್ಣು ಮುಚ್ಚಿಬಿಟ್ಟೆ.

ಹೋ ಎಂದು ಜನ ಕೂಗಿದರು. ಕಣ್ಣು ಬಿಟ್ಟರೆ ಹುಡುಗರ ರಾಶಿ, ರಾಶಿಯ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಆಮೇಲೆ ಆ ಕಾಲುಗಳು ಒದ್ದಾಡಿ, ಎದ್ದು, ನನ್ನ ಕಡೆಗೇ ಓಡಿ ಬಂದವು.

"ಸಾ, ಗೋಲು! ನೋಡುದ್ರಾ ಸಾ?"

ನಾನು ಅವನನ್ನು ತಬ್ಬಿಕೊಂಡೆ. "ನೋಡದೆ ಏನೋ! ಬಲಗಾಲಿನಲ್ಲಿ ಎಂಥ ಒದೆ ಕೊಟ್ಟೆಯೋ! ನನ್ನ ಜನ್ಮದಲ್ಲೇ ಅಂಥದ್ದು ಕಂಡಿಲ್ಲ!"

ಮಹದೇವು ಒಂದು ಕ್ಷಣ ನನ್ನ ಮುಖ ನೋಡಿ, "ಊಂ ಸಾ" ಎಂದು ತಲೆ ತಗ್ಗಿಸಿದ.

ಅವನು ಓಟದಲ್ಲೂ ಗೆದ್ದು, ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಗಾರ್ಡ್ ಆಗಿ ಹೋದ. ಹೋಗುವ ಮುಂಚೆ ನಡೆದ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಆ ಬಲಗಾಲಿನ ಒದೆಯನ್ನು ನಾನು ವೇದಿಕೆಯ ಮೇಲೆ ಕಾಲೆತ್ತಿ ತೋರಿಸಿ ಕಾಲು ಗಂಟೆ ವರ್ಣಿಸಿದೆ. ಮರುವರ್ಷ ಆ ಎದುರು ತಂಡದ ಕೋಚ್ ಸಿಕ್ಕಿದಾಗ ಅದನ್ನೇ ಮತ್ತೆ ಶುರು ಮಾಡಿದ್ದೆ, ಅವರು ತಡೆದರು. "ಯಾವ ಒದೆ ರೀ? ಆ ಹುಡುಗ ಎಗರಿ ತಲೆಯಿಂದ ಕೊಟ್ಟ ಗೋಲಲ್ಲವೇ ಅದು? ಕಾಲನ್ನು ತಾಗಿಸಲೇ ಇಲ್ಲ!"

ವಾರ್ಷಿಕೋತ್ಸವದ ದಿನ ನಮ್ಮ ತಂಡದ ಹನ್ನೊಂದು ಜನರೂ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಕಾಲೆತ್ತಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಮಹದೇವು.