ಇಂಜಿನಿಯರನ ಅಮ್ಮ ಕಲಿಸಿದ ಇಟಾಲಿಯನ್

ಹೊಸ ಭಾಷೆ ಕಲಿಯಲು ಹೊರಟವನು ಮರ್ಯಾದೆ ಕಳೆದುಕೊಳ್ಳುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಎಂಬತ್ತರ ದಶಕದಲ್ಲಿ ನಾನು ಗಲ್ಫಿನ ರಾಸ್ ತನೂರಾದಲ್ಲಿ ಒಂದು ಇಟಾಲಿಯನ್ ಕಂಪೆನಿಯ ಡ್ರೈವರ್. ಅಲ್ಲಿಯ ಕೆಲಸ ಮುಗಿಯುತ್ತಾ ಬಂದಿತ್ತು. ಇಟಾಲಿಯನ್ ಬಲ್ಲ ಒಬ್ಬನಿಗೆ ತಬೂಕ್‌ನ ಹೊಸ ಸೈಟಿನಲ್ಲಿ ಸ್ಟೋರ್‌ಕೀಪರ್ ಕೆಲಸ, ಉಳಿದ ಡ್ರೈವರುಗಳಿಗೆಲ್ಲ ಊರಿನ ವಿಮಾನ ಎಂದು ನೋಟೀಸು ಬಂತು. ಉಳ್ಳಾಲದಲ್ಲಿ ನನ್ನ ಮನೆಯ ಗೋಡೆ ಸೊಂಟದವರೆಗೆ ಎದ್ದು ನಿಂತಿತ್ತು. ಕಲಿಯದೆ ಉಪಾಯವಿಲ್ಲ ಮಾರಾಯ್ರೆ! ನನ್ನ ಕಾರಿನಲ್ಲಿ ಓಡಾಡುವ ಇಂಜಿನಿಯರನನ್ನೇ ಗುರು ಮಾಡಿಕೊಂಡೆ.

೧. ಹಾಲಿನ ಹೆದರಿಕೆ

ಗುರುದಕ್ಷಿಣೆ ಎಂದು ಅವನನ್ನು ಥುಕ್ಬಾದ ನಮ್ಮ ರೂಮಿಗೆ ಊಟಕ್ಕೆ ಕರೆದೆ. ರೂಮಿನಲ್ಲಿದ್ದ ಭಟ್ಕಳದ ಹಿರಿಯರು ಬಿರಿಯಾನಿ ಮಾಡಿದ್ದರು. ಪುಣ್ಯಾತ್ಮ ಮೂರು ತಟ್ಟೆ ಉಂಡ. ಆಮೇಲೆ ಹಾಲು ಹಾಕಿದ ಚಹಾ ಕೊಟ್ಟರೆ ಎದ್ದೇ ನಿಂತ.

"ಊಟದ ಮೇಲೆ ಹಾಲಾ? ಹೊಟ್ಟೆ ಕೆಡುತ್ತದೆ!"

ಅವರ ಊರಲ್ಲಿ ಹಾಲಿನ ಕಾಫಿ ಬೆಳಿಗ್ಗೆ ಮಾತ್ರವಂತೆ. ಭಟ್ಕಳದವರು ಖಾಲಿ ಪಾತ್ರೆಯೊಳಗೆ ಇಣುಕಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಇಷ್ಟಕ್ಕೆ ಕೆಡದ ಹೊಟ್ಟೆಗೆ ಒಂದು ಚಮಚ ಹಾಲು ಎಂತ ಮಾಡ್ತದೆ?"

೨. ಕುತ್ತಿಗೆಗೆ ಗಾಳಿ

ಜೂನ್ ತಿಂಗಳು, ಸ್ಟೇರಿಂಗ್ ಮುಟ್ಟಿದರೆ ಕೈ ಸುಡುವ ಬಿಸಿಲು. ಎ.ಸಿ. ಹಾಕಿದರೆ ಇಂಜಿನಿಯರ್ ಕುತ್ತಿಗೆ ಹಿಡಿದುಕೊಳ್ಳುತ್ತಿದ್ದ.

"ಬಂದ್ ಮಾಡು! ಬೆವರಿದ ಕುತ್ತಿಗೆಗೆ ತಣ್ಣನೆ ಗಾಳಿ ಬಡಿದರೆ ಕಾಯಿಲೆ."

"ಹಾಗಾದರೆ ಕಿಟಕಿ ತೆಗೆಯಲಾ?"

"ಅದೂ ಗಾಳಿಯೇ!"

ಎರಡನ್ನೂ ಮುಚ್ಚಿ ದಮ್ಮಾಮಿನವರೆಗೆ ಹೋದೆವು. ಇಳಿದಾಗ ಅವನು ಆರೋಗ್ಯವಾಗಿದ್ದ, ನಾನು ಬೆಂದಿದ್ದೆ.

೩. ಬೂತಿನ ಪಾಠಶಾಲೆ

ಪ್ರತಿ ಶುಕ್ರವಾರ ಅವನು ಅಲ್ ಖೋಬರ್‌ನ ಟೆಲಿಫೋನ್ ಬೂತಿನಿಂದ ಅಮ್ಮನಿಗೆ ಫೋನ್ ಮಾಡುತ್ತಿದ್ದ. ಪಕ್ಕದಲ್ಲಿ ನಿಂತು ನಾಣ್ಯ ಹಾಕುವುದು ನನ್ನ ಕೆಲಸ. ಆ ತಾಯಿಯ ಗಂಟಲೋ, ಫೋನಿಲ್ಲದೆಯೂ ಕೇಳುವಂಥದ್ದು! ಆಕೆ ಹೇಳಿದ್ದನ್ನೆಲ್ಲ ಅವನು ಆಮೇಲೆ ಕಾರಿನಲ್ಲಿ ನನಗೆ ಬಿಡಿಸಿ ಹೇಳುತ್ತಿದ್ದ. ಉಂಡೆಯಾ? ಸೊರಗಿದ್ದೀ. ಉಣ್ಣೆ ಬನಿಯನ್ ಹಾಕಿದ್ದೀಯಾ? ಮದುವೆ ಯಾವಾಗ?

ನನ್ನ ಉಮ್ಮ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳುಹಿಸುತ್ತಿದ್ದಳು. ಅದರಲ್ಲೂ ಇವೇ ಪ್ರಶ್ನೆಗಳು, ಬನಿಯನ್ ಒಂದು ಬಿಟ್ಟು. ನಾಣ್ಯ ಹಾಕುತ್ತಾ ನಿಂತು ಎಷ್ಟೋ ಸಲ ಕಣ್ಣು ಒರೆಸಿಕೊಂಡಿದ್ದೇನೆ. ಒಂದೇ ವ್ಯತ್ಯಾಸ: ಕ್ಯಾಸೆಟ್ಟಿನ ಉಮ್ಮನನ್ನು ನಿಲ್ಲಿಸಲು ಒಂದು ಗುಂಡಿ ಇತ್ತು, ಪಾಪ, ಅವನಿಗೆ ಅದೂ ಇರಲಿಲ್ಲ.

೪. ಪರೀಕ್ಷೆ

ಆರಿಸಲು ರೋಮಿನಿಂದ ದೊಡ್ಡ ಸಾಹೇಬ ಬಂದ. ನಗು ಎಂಬುದು ಅವನ ಮುಖಕ್ಕೆ ಹರಾಮ್. ನನಗಿಂತ ಮೊದಲು ಹೋದ ಇಬ್ಬರು ಡ್ರೈವರುಗಳು ಮುಖ ಇಳಿಸಿಕೊಂಡು ಹೊರಗೆ ಬಂದರು. ನನ್ನ ಸರದಿ.

"ಇಟಾಲಿಯನ್‌ನಲ್ಲಿ ಏನಾದರೂ ಮಾತಾಡು," ಎಂದ.

ನಟ್ಟು, ಬೋಲ್ಟು, ಪೈಪು ಒಂದಕ್ಕೂ ಇಟಾಲಿಯನ್ ಹೆಸರು ಗೊತ್ತಿಲ್ಲ. ಇದ್ದದ್ದೆಲ್ಲ ಆ ತಾಯಿಯ ಮಾತು. ಕಣ್ಣು ಮುಚ್ಚಿ ಶುರು ಮಾಡಿದೆ.

"ಆಯ್ ಮಾಂಜಾತೋ? ಉಂಡೆಯಾ?"

ಸಾಹೇಬ ತಲೆ ಎತ್ತಿದ.

"ಸೊರಗಿದ್ದೀ ನೀನು. ರಾತ್ರಿ ಸರಿಯಾಗಿ ನಿದ್ದೆ ಮಾಡ್ತೀಯಾ? ಮದುವೆ ಯಾವಾಗ?"

ನನ್ನ ಪಕ್ಕ ನಿಂತಿದ್ದ ಇಂಜಿನಿಯರ್ ತಲೆ ಮೇಲೆ ಕೈ ಹೊತ್ತ. ಅಷ್ಟು ದೊಡ್ಡವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಏನು ಮಾಡುವುದು, ತಾಯಿ ಮಗನಿಗೆ ಬಹುವಚನ ಹಚ್ಚುತ್ತಾಳಾ? ಗೋಡೆ ಸೊಂಟದಲ್ಲೇ ನಿಂತಿತು ಎಂದುಕೊಂಡು ಕೊನೆಯದನ್ನೂ ಹೇಳಿಬಿಟ್ಟೆ.

"ಉಣ್ಣೆ ಬನಿಯನ್ ಹಾಕಿದ್ದೀಯಾ?"

ಸಾಹೇಬ ಪೆನ್ನು ಕೆಳಗಿಟ್ಟ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ. ಆಮೇಲೆ ಟೈ ಸಡಿಲಿಸಿ ಅಂಗಿಯ ಎರಡು ಗುಂಡಿ ಬಿಚ್ಚಿ ತೋರಿಸಿದ. ರಾಸ್ ತನೂರಾದ ಆ ಜೂನ್ ಬೇಗೆಯಲ್ಲಿ, ಒಳಗೆ ದಪ್ಪನೆಯ ಉಣ್ಣೆ ಬನಿಯನ್!

"ಅಮ್ಮ ಹೇಳಿದ್ದಾಳೆ," ಎಂದ ತಗ್ಗಿದ ದನಿಯಲ್ಲಿ.

ಮತ್ತೆ ಗುಂಡಿ ಹಾಕಿಕೊಂಡು ಪಟ್ಟಿಯಲ್ಲಿ ನನ್ನ ಹೆಸರು ಬರೆದ. ಸಲಾಂ ಹೇಳಿ ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕೂಗಿದ:

"ಚಳಿಗಾಲದಲ್ಲಿ ತಬೂಕ್ ತಣ್ಣಗೆ ಕೊರೆಯುತ್ತದಂತೆ. ನೀನೂ ಒಂದು ತಗೋ!"