ಮುನ್ನೂರ ಮೂವತ್ತೆಂಟರ ಧರ್ಮಯುದ್ಧ

ಹೆಂಡತಿ ನಮಗಿಂತ ಚೆನ್ನಾಗಿ ಅಡುಗೆ ಮಾಡಿದರೆ ಊರು ನಗುವುದಿಲ್ಲ. ನಮಗಿಂತ ಚೆನ್ನಾಗಿ ಗುರಿಯಿಟ್ಟರೆ ನಗುತ್ತದೆ. ಅದರಲ್ಲೂ ಮಾಂಟಾನಾದ ನಮ್ಮ ಡಿಲನ್ನಿನಂಥ ಊರಿನಲ್ಲಿ! ಇಲ್ಲಿ ಅಕ್ಟೋಬರಿನ ಬೇಟೆಯ ಋತು ಬಂತೆಂದರೆ ಪಾದ್ರಿಗಳೂ ಪ್ರವಚನವನ್ನು ಅರ್ಧಕ್ಕೇ ಮೊಟಕುಗೊಳಿಸಿ ಕೋವಿಗೆ ಎಣ್ಣೆ ಹಾಕಲು ಓಡುತ್ತಾರೆ.

ನನ್ನಾಕೆ ಬರ್ನೀಸ್ ದನ ಸಾಕುವ ಮನೆತನದವಳು. ಅವಳಪ್ಪ ಬಳುವಳಿಯಾಗಿ ಕೊಟ್ಟದ್ದು ಎರಡೇ: ತನ್ನ ಹಳೆಯ ಇನ್ನೂರೆಪ್ಪತ್ತು ಕ್ಯಾಲಿಬರಿನ ಕೋವಿ ಮತ್ತು ತನ್ನ ನಾಲಗೆ. ಎರಡೂ ಗುರಿ ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ನಾನು ಆರ್ವಿಡ್, ವಿಮೆ ಮಾರುವವನು. 'ಜಾಸ್ತಿ ಇದ್ದಷ್ಟೂ ಕ್ಷೇಮ' ಎಂಬುದು ನನ್ನ ವೃತ್ತಿಮಂತ್ರ. ಅದನ್ನು ಕೋವಿಯ ನಂಬರಿಗೂ, ಎಂದರೆ ಗುಂಡಿನ ದಪ್ಪಕ್ಕೂ, ಅನ್ವಯಿಸಲು ಹೋದದ್ದೇ ಎಡವಟ್ಟಾಯಿತು.

ಒಂದು ಸಂಜೆ ಊಟಕ್ಕೆ ಕೂತಾಗ ನಾನು ಗಂಟಲು ಸರಿಮಾಡಿಕೊಂಡೆ.

"ಬರ್ನೀಸ್, ಎಲ್ಕ್ ಅಂದ್ರೆ ಮೊಲ ಅಲ್ಲ. ಕಡವೆಗೇ ದೊಡ್ಡಪ್ಪ, ಕುದುರೆಯಷ್ಟು ತೂಕ. ನಿನ್ನ ಇನ್ನೂರೆಪ್ಪತ್ತು ಅದಕ್ಕೆ ಸೊಳ್ಳೆ ಕಡಿದ ಹಾಗೆ. ಬೇಟೆಗೂ ಒಂದು ಧರ್ಮ ಇದೆ. ಪ್ರಾಣಿ ನರಳಬಾರದು, ಒಂದೇ ಈಡಿಗೆ ಮಲಗಬೇಕು."

"ಮಲಗ್ತಾ ಇದೆಯಲ್ಲ, ನಮ್ಮಪ್ಪನ ಕಾಲದಿಂದ," ಎಂದಳು ಅವಳು ಆಲೂಗಡ್ಡೆ ಬಡಿಸುತ್ತ. "ನಮ್ಮ ಫ್ರೀಜರಿನಲ್ಲಿರೋದೆಲ್ಲ ಸೊಳ್ಳೆ ಕಡಿದು ಸತ್ತವೇ. ಈಗ ನೀನು ಎರಡನೇ ಸಲ ಬಡಿಸ್ಕೊಂಡಿದ್ದೂ ಅದನ್ನೇ."

"ಅದೆಲ್ಲ ಅದೃಷ್ಟ ಕಣೇ."

"ಪ್ರತಿ ವರ್ಷಾನೂ ಬರೋ ಅದೃಷ್ಟಕ್ಕೆ ಅಭ್ಯಾಸ ಅಂತಾರೆ. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ರೆ ಎಲ್ಕ್ ನಂಬರ್ ಕೇಳಲ್ಲ ಮಾರಾಯ. ಹೊಟ್ಟೆಗೆ ಬಿದ್ರೆ ನೀನು ಫಿರಂಗೀನೇ ತಂದಿದ್ರೂ ಪಾಪ ಪಾಪಾನೇ."

ಇಷ್ಟು ಸ್ಪಷ್ಟವಾಗಿ ಬೇಡವೆಂದ ಮೇಲೆ ಗಂಡನಾದವನು ಏನು ಮಾಡಬೇಕು? ಮರುದಿನವೇ ಹೋಗಿ ತಂದೆ. ಮುನ್ನೂರ ಮೂವತ್ತೆಂಟು ಮ್ಯಾಗ್ನಮ್! ಅದರ ಒಂದೊಂದು ತೋಟೆಯೂ ನನ್ನ ಹೆಬ್ಬೆರಳಿಗಿಂತ ಉದ್ದ. ಕೋವಿಯನ್ನು ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಂತಾಗ, ಸಾಕ್ಷಾತ್ ಧರ್ಮವೇ ಸೊಂಟಪಟ್ಟಿ ಬಿಗಿದು ನಿಂತಂತೆ ಕಂಡಿತು. (ಪಟ್ಟಿ ಸ್ವಲ್ಪ ಬಿಗಿಯಾಗಿತ್ತು, ನಿಜ.)

ಊರಾಚೆಯ ಜಲ್ಲಿಗುಂಡಿಗೆ ಒಬ್ಬನೇ ಹೋದೆ. ಮಂಡಿಯೂರಿ, ಕೋವಿಯ ಮೇಲೆ ಕೂರಿಸಿದ್ದ ದುರ್ಬೀನಿಗೆ ಕಣ್ಣು ಅಂಟಿಸಿ, ಟ್ರಿಗರ್ ಎಳೆದೆ. ಮುಂದೆ ಏನಾಯಿತೋ ನನಗೂ ಸರಿಯಾಗಿ ತಿಳಿಯದು. ಕಣ್ಣು ಬಿಟ್ಟಾಗ ನಾನು ಆಕಾಶ ನೋಡುತ್ತಿದ್ದೆ. ಹೆಗಲಿಗೆ ಹೇಸರಗತ್ತೆ ಒದ್ದಂತಿತ್ತು. ದುರ್ಬೀನಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆದಿತ್ತು. ಗುರಿಹಲಗೆ ಮಾತ್ರ ಸ್ಥಿತಪ್ರಜ್ಞನಂತೆ ಕಲೆಯಿಲ್ಲದೆ ನಿಂತಿತ್ತು.

"ಹುಬ್ಬಿಗೆ ಏನಾಯ್ತು?" ಬಾಗಿಲಲ್ಲೇ ಕೇಳಿದಳು ಬರ್ನೀಸ್.

"ಕಪಾಟಿನ ಬಾಗಿಲು ತಾಗ್ತು."

"ದುಂಡಗಿನ ಬಾಗಿಲು ಇರೋ ಕಪಾಟು ನಮ್ಮನೇಲಿ ಯಾವುದಪ್ಪಾ?"

ಭಾನುವಾರ ಚರ್ಚು ಮುಗಿದ ಮೇಲೆ ಅವಳೂ ಜಲ್ಲಿಗುಂಡಿಗೆ ಹೊರಟಳು. "ನೀನು ಗುರಿ ನೋಡು ಸಾಕು, ತೋಟೆ ನಾನೇ ತುಂಬಿ ಕೊಡ್ತೀನಿ," ಎಂದಳು. ಈ ವಾತ್ಸಲ್ಯಕ್ಕೆ ಮನಸೋತು ಕೋವಿ ಇಸಿದುಕೊಂಡೆ. ಉಸಿರು ಬಿಗಿಹಿಡಿದು ಟ್ರಿಗರ್ ಎಳೆದೆ.

"ಟಿಕ್" ಎಂದಿತು. ಅಷ್ಟೇ. ಅವಳು ಹಾಕಿದ್ದು ಖಾಲಿ ತೋಟೆ.

ಆದರೆ ಅಷ್ಟರಲ್ಲಿ ನನ್ನ ಕಣ್ಣು ಮುಚ್ಚಿತ್ತು, ಹೆಗಲು ಹಿಂದಕ್ಕೆ ಹಾರಿತ್ತು, ನಳಿಗೆ ಭೂತಾಯಿಗೆ ನಮಸ್ಕರಿಸಿತ್ತು, ಬಾಯಿಂದ "ಅಯ್ಯಯ್ಯಪ್ಪೋ!" ಎಂದು ಹೊರಟಿತ್ತು. ಗುಂಡೇ ಇಲ್ಲದ ಕೋವಿಯಿಂದ ಏಟು ತಿಂದವನು ಇಡೀ ಮಾಂಟಾನಾದಲ್ಲಿ ನಾನೊಬ್ಬನೇ ಇರಬೇಕು.

ಬರ್ನೀಸ್ ನಗಲಿಲ್ಲ. ಗಂಭೀರವಾಗಿ ಎದ್ದು ನಮ್ಮ ಟ್ರಕ್ಕಿನ ಹಿಂದೆ ಹೋದಳು. ಸ್ವಲ್ಪ ಹೊತ್ತು ಟ್ರಕ್ಕು ಅಲುಗಾಡುತ್ತಿತ್ತು. ಕಣ್ಣೊರೆಸಿಕೊಂಡು ಬಂದ ಮೇಲೆ ಮಾತ್ರ ಅವಳ ದನಿ ಬೇರೆಯಾಗಿತ್ತು.

"ಆರ್ವಿಡ್, ಕೋವಿಗೆ ಹೆದರೋನು ಕಣ್ಣು ಮುಚ್ತಾನೆ. ಕಣ್ಣು ಮುಚ್ಚಿದವನ ಗುಂಡು ಹೊಟ್ಟೆಗೋ ತೊಡೆಗೋ ಬೀಳುತ್ತೆ. ಆಮೇಲೆ ಆ ಬಡಪ್ರಾಣಿ ಪೊದೆ ಸೇರ್ಕೊಂಡು ನರಳುತ್ತೆ. ನೀನು ಹೇಳಿದ ಧರ್ಮ ಇದೇನಾ?"

"ಬೆಟ್ಟ ಹತ್ತಿದ್ರೆ ಧೈರ್ಯ ತಾನೇ ಬರುತ್ತೆ," ಎಂದೆ. ಹೇಳುವಾಗ ನನಗೇ ನಂಬಿಕೆ ಇರಲಿಲ್ಲ.

ಬೇಟೆಯ ಋತು ಶುರುವಾದ ದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಪೈನ್ ಮರದ ಬುಡದಲ್ಲಿ ಮಲಗಿದ್ದೆವು. ಎಳೆ ಹಿಮ ಬಿದ್ದಿತ್ತು. ಎದುರಿನ ಇಳಿಜಾರಿಗೆ ಒಂದು ಗಂಡು ಎಲ್ಕ್ ಬಂದು ನಿಂತಿತು. ಕೊಂಬೆಂದರೆ ಒಣಗಿದ ಮರವನ್ನೇ ತಲೆಗೆ ನೆಟ್ಟ ಹಾಗೆ. ಮೂಗಿನಿಂದ ಹಬೆ ಬಿಡುತ್ತ ನಿರಾಳವಾಗಿ ಹುಲ್ಲು ಜಗಿಯುತ್ತಿತ್ತು.

"ನಿನ್ನದೇ," ಎಂದು ಪಿಸುಗುಟ್ಟಿದಳು ಬರ್ನೀಸ್.

ದುರ್ಬೀನಿನಲ್ಲಿ ಅದರ ಮುಂಗಾಲಿನ ಹಿಂದಿನ ಜಾಗ ಸ್ಪಷ್ಟವಾಗಿ ಕಂಡಿತು. ಬೆರಳು ಟ್ರಿಗರಿಗೆ ಹೋಯಿತು. ಬೆರಳಿಗಿಂತ ಮೊದಲು ಕಣ್ಣು ಮುಚ್ಚಿತು. ತೆರೆದೆ. ಮತ್ತೆ ಮುಚ್ಚಿತು. ಅಷ್ಟು ನೆಮ್ಮದಿಯಾಗಿ ಮೇಯುತ್ತಿದ್ದ ಜೀವದ ಮೇಲೆ ನನ್ನ ಹೆದರಿಕೆಯನ್ನು ಹಾರಿಸಲು ಮನಸ್ಸು ಬರಲಿಲ್ಲ. ಕೋವಿಯನ್ನು ಹಿಮದ ಮೇಲಿಟ್ಟೆ.

"ನನ್ನ ಕೈಲಿ ಆಗಲ್ಲ. ನೀನೇ ಹೊಡಿ."

ಕೀಟಲೆಯ ಮಾತು ಬಂದೇ ಬರುತ್ತದೆಂದು ಕಾದೆ, ಬರಲಿಲ್ಲ. ಅವಳು ನನ್ನನ್ನೊಮ್ಮೆ ನೋಡಿ ಅಪ್ಪನ ಕೋವಿಗೆ ಕೆನ್ನೆ ಆನಿಸಿದಳು. ಒಂದೇ ಈಡು. ಎಲ್ಕ್ ತುಸು ದೂರ ನಡೆದು, ನಿಂತು, ಕುಸಿಯಿತು. ಹತ್ತಿರ ಹೋಗಿ ಅದರ ಕತ್ತಿನ ಮೇಲೆ ಕೈಯಿಟ್ಟು ಕೂತಳು. ಆಮೇಲೆ, "ನೀನು ಹೊಡೀದೇ ಇದ್ದದ್ದು ಇವತ್ತಿನ ಒಳ್ಳೇ ಈಡು ಕಣೋ," ಎಂದಳು.

ನನ್ನ ಕಣ್ಣು ತೇವವಾಯಿತು.

"ಸರಿ, ಈಗ ಆ ಹಿಂದೊಡೆ ಹೊತ್ಕೋ."

(ಎಲ್ಕಿನ ತೊಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿದವರಿಗೆ ಮಾತ್ರ ಗೊತ್ತು, ತೇವ ಎಷ್ಟು ಬೇಗ ಆರುತ್ತದೆ ಎಂದು.)

ಮ್ಯಾಗ್ನಮ್ಮನ್ನು ಅಂಗಡಿಗೆ ಹಿಂದಿರುಗಿಸಿ, ಅದರ ಬದಲಿಗೆ ಬರ್ನೀಸಳೇ ಆರಿಸಿದ ಪುಟ್ಟ ಕೋವಿಯನ್ನು ತಂದೆವು. ಅದರ ಕ್ಯಾಲಿಬರು ಏಳು ಮಿಲಿಮೀಟರ್ ಸೊನ್ನೆ ಎಂಟು. "ಒದೆತ ಮೆತ್ತಗೆ. ತೀರಾ ದೂರದ ಆಸೆ ಬಿಟ್ರೆ ಎಲ್ಕಿಗೆ ಧಾರಾಳ ಸಾಕು," ಎಂದ ಅಂಗಡಿಯವ. ವಾರಗಟ್ಟಲೆ ಜಲ್ಲಿಗುಂಡಿಯಲ್ಲಿ ಅಭ್ಯಾಸ ನಡೆಯಿತು. ಗುಂಡು ಹಾರುವಾಗ ನಳಿಗೆಯ ತುದಿಯಲ್ಲಿ ಕಿಡಿ ಕಾಣುತ್ತದೆ ಎಂಬ ಸಂಗತಿ ನನಗೆ ತಿಳಿದದ್ದೇ ಆಗ, ಕಣ್ಣು ತೆರೆದಿಟ್ಟಿದ್ದೆನಲ್ಲ! ಋತು ಮುಗಿಯುವ ಮುನ್ನ ನನ್ನ ಪರವಾನಗಿಗೂ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಒಂದೇ ಈಡು, ಸರಿಯಾದ ಜಾಗಕ್ಕೆ. ಅದಕ್ಕೆ ನರಳುವ ಹೊತ್ತೂ ಆಗಲಿಲ್ಲ. ಬರ್ನೀಸ್ ಬೆನ್ನು ತಟ್ಟಿದಳು.

ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಮೊಟ್ಟೆ, ಹುರಿದ ಆಲೂಗಡ್ಡೆ ಮುಂದಿಟ್ಟುಕೊಂಡು ಟೋಪಿ ಓರೆ ಮಾಡಿ ಕೂತಿದ್ದೆ. ಪಕ್ಕದ ಮೇಜಿನಲ್ಲಿದ್ದ ದನದ ಸಾಹುಕಾರ ಕರ್ಮಿಟ್ ಕುರ್ಚಿ ತಿರುಗಿಸಿದ.

"ಏನಯ್ಯಾ ಆರ್ವಿಡ್, ಒಂದೇ ಈಡಿಗೆ ಮಲಗಿಸಿದೆಯಂತೆ! ಯಾವ ಕ್ಯಾಲಿಬರ್?"

ಇಡೀ ಕೆಫೆಗೆ ಕೇಳುವಂತೆ ಎದೆಯುಬ್ಬಿಸಿ ಹೇಳಿದೆ. "ಏಳು ಮಿಲಿಮೀಟರ್ ಸೊನ್ನೆ ಎಂಟು."

"ಅರೆ, ನಮ್ಮಮ್ಮನ ಹತ್ರಾನೂ ಅದೇ ಇತ್ತು!" ಎಂದ ಕರ್ಮಿಟ್ ಸಂಭ್ರಮದಿಂದ. "ಭುಜದ ಆಪರೇಷನ್ ಆದಾಗ ತಗೊಂಡಿದ್ರು. ಈಗ ಗುಣ ಆಯ್ತು ನೋಡು, ದೊಡ್ಡದಕ್ಕೆ ಹೋಗಿಬಿಟ್ರು."

ಬರ್ನೀಸ್ ಕಾಫಿ ಲೋಟದೊಳಗೆ ಮುಖ ಹುದುಗಿಸಿ, "ಅಮ್ಮನಿಗೆ ಈಗೆಷ್ಟಪ್ಪಾ ವಯಸ್ಸು?" ಎಂದು ಕೇಳಿದಳು.

"ಬರೋ ವಸಂತಕ್ಕೆ ಎಂಬತ್ತೆರಡು."

ಅವಳು ಮೇಜಿನ ಕೆಳಗೆ ನನ್ನ ಕೈ ಅದುಮಿದಳು. "ಬೇಜಾರು ಮಾಡ್ಕೋಬೇಡ ಆರ್ವಿಡ್. ನಿನಗೂ ಆ ವಯಸ್ಸು ಬರುತ್ತೆ."